ಬೋರಿಂಗ ಗಾಳೆವ್ವ

ಜಾಲಿಬಾವಿಗೆ ಬಂದು ಗಾಳೆಮ್ಮನ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಹೇಳುತ್ತಿರಲಿಲ್ಲ. ಬೋರಿಂಗ ಗಾಳೆವ್ವ ಎನ್ನಬೇಕಿತ್ತು. ಹಾಗೆಂದರೆ ಕುಷ್ಟಗಿ ಬಸ್ಸಿನ ಕಂಡಕ್ಟರನೂ ಕೈ ತೋರಿಸುತ್ತಿದ್ದ: ಅಗೋ, ಬೇವಿನ ಗಿಡದ ಕೆಳಗೆ ಸೆರಗು ಸಿಕ್ಕಿಸಿಕೊಂಡು ಯಾರನ್ನೋ ಬೈಯುತ್ತಿದ್ದಾಳಲ್ಲ, ಅವಳೇ. ಬೈಯಲು ಅವಳಿಗೆ ದೊಡ್ಡ ಕಾರಣ ಬೇಕಾಗಿರಲಿಲ್ಲ. ಬೋರಿಂಗಿನ ಕಟ್ಟೆಯ ಮೇಲೆ ಯಾರಾದರೂ ಕಾಲು ತೊಳೆದರೆ ಬೈಗುಳ, ಎಮ್ಮೆ ತಂದು ನಿಲ್ಲಿಸಿದರೆ ಬೈಗುಳ, ಹುಡುಗರು ಹಿಡಿಕೆಗೆ ಜೋತುಬಿದ್ದರಂತೂ ಅವರ ಮುತ್ತಜ್ಜನವರೆಗೂ ಹೋಗಿ ಬರುತ್ತಿದ್ದಳು. ಮಂಗಳವಾರ, ಶುಕ್ರವಾರ ಆ ಕಬ್ಬಿಣದ ಪಂಪಿಗೆ ಮೈ ತೊಳೆಸಿ, ಅರಿಷಿಣ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗುತ್ತಿದ್ದಳು. ಸರಕಾರದವರು ನೆಲಕ್ಕೆ ಹುಗಿದ ಕೊಳವೆಗೆ ಇಷ್ಟು ಭಕ್ತಿ ಇಡೀ ರಾಯಚೂರು ಜಿಲ್ಲೆಯಲ್ಲಿ ಇನ್ನೆಲ್ಲೂ ಸಿಕ್ಕಿರಲಿಕ್ಕಿಲ್ಲ.

ನಗಬೇಡಿ. ಅವಳು ಅದಕ್ಕಿಂತ ಮೊದಲು ಹೇಗೆ ನೀರು ಕುಡಿದಿದ್ದಳು ಎಂಬುದನ್ನು ಕೇಳಿ, ಆಮೇಲೆ ಬೇಕಾದರೆ ನಗಿ.

ಊರಿನದು ಮೆಟ್ಟಿಲ ಬಾವಿ. ಮೇಲಿನ ಓಣಿಯ ಹೆಂಗಸರು ಮೆಟ್ಟಿಲಿಳಿದು, ಮೊಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು, ಕೊಡ ಅದ್ದಿ ತುಂಬಿಕೊಳ್ಳುತ್ತಿದ್ದರು. ಕೇರಿಯವರು ಆ ಮೆಟ್ಟಿಲಿಗೆ ಕಾಲಿಡುವ ಹಾಗಿರಲಿಲ್ಲ. ದಂಡೆಯಿಂದ ಆಚೆ, ಹುಣಸೆ ಮರದ ಬುಡದಲ್ಲಿ ಬರಿ ಕೊಡ ಇಟ್ಟುಕೊಂಡು "ನೀರ ಹಾಕ್ರೆವ್ವಾ" ಎನ್ನುತ್ತ ಕೂತಿರಬೇಕು. ಯಾರಿಗಾದರೂ ಕರುಣೆ ಬಂದರೆ ಎತ್ತರದಿಂದ ಸುರಿಯುತ್ತಿದ್ದರು. ಕೊಡಕ್ಕೆ ಕೊಡ ತಾಗಬಾರದಲ್ಲ, ಅದಕ್ಕೇ ಅರ್ಧ ನೀರು ನೆಲದ ಪಾಲು. ಗಾಳೆಮ್ಮ ಮದುವೆಯಾಗಿ ಬಂದ ಮೇಲೆ ಹೆಚ್ಚಾಗಿ ಹೊಯ್ಸಿಕೊಂಡದ್ದು ಕಳಕಮ್ಮನ ಕೈಯಿಂದ. ಕಳಕಮ್ಮ ಪಂಚಾಯಿತಿ ಚೇರ್ಮನ್ ದೇವೇಂದ್ರಪ್ಪನ ಹೆಂಡತಿ. ಕೆಟ್ಟ ಹೆಂಗಸು ಅನ್ನುವ ಹಾಗಿಲ್ಲ, ಹೊಯ್ಯುತ್ತಿದ್ದಳು. ಆದರೆ ತನ್ನ ಕೊಡ ತುಂಬಿದ ಮೇಲೆ, ಗೆಳತಿಯರೊಡನೆ ಮಾತು ಮುಗಿದ ಮೇಲೆ. ಅಲ್ಲಿಯವರೆಗೆ ಗಾಳೆಮ್ಮ ಕುಕ್ಕರಗಾಲಲ್ಲಿ ಕೂತು ಅವಳ ಮುಖವನ್ನೇ ನೋಡುತ್ತಿರಬೇಕು. "ಆಕೀ ಮುಖಾ ನೋಡಿ ನೋಡಿ ನನ್ನ ಕುತಿಗಿನ ಮ್ಯಾಲಕ್ಕ ತಿರುಗಿ ನಿಂತುಬಿಟ್ಟಿತ್ತವ್ವಾ" ಎಂದು ಮುಂದೆ ಅವಳೇ ನಗುತ್ತ ಹೇಳುತ್ತಿದ್ದಳು. ಆಗ ಮಾತ್ರ ನಕ್ಕಿರಲಿಲ್ಲ.

ಹಾಗೆ ಬೇಡಿ ತಂದ ನೀರಿನಲ್ಲಿ ನಾರು ಇರುತ್ತಿತ್ತು. ನಾರುಹುಣ್ಣು ಎಂದರೆ ಈಗಿನವರಿಗೆ ಗೊತ್ತಿಲ್ಲ, ಗೊತ್ತಿಲ್ಲದಿರುವುದೇ ಒಳ್ಳೆಯದು. ನೀರಿನೊಂದಿಗೆ ಹೊಟ್ಟೆಗೆ ಹೋದ ಹುಳ ವರ್ಷವಿಡೀ ಮೈಯೊಳಗೆ ಬೆಳೆದು, ಸರಿಯಾಗಿ ಬಿತ್ತಿಗೆಯ ಹೊತ್ತಿಗೆ ಕಾಲಿನಲ್ಲಿ ಬೊಬ್ಬೆ ಎಬ್ಬಿಸಿ, ಬಿಳಿ ದಾರದ ಹಾಗೆ ಹೊರಗೆ ತಲೆ ಹಾಕುತ್ತಿತ್ತು. ಅದನ್ನು ಕಸಬರಿಗೆಯ ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ಅವಸರ ಮಾಡಿದರೆ ಹರಿದು ಒಳಗೇ ಉಳಿಯುತ್ತದೆ. ಗಾಳೆಮ್ಮನ ಗಂಡ ಮಾರೆಪ್ಪನಿಗೆ ಎಲ್ಲದರಲ್ಲೂ ಅವಸರ. ಕೂಲಿ ತಪ್ಪುತ್ತದೆಂದು ಜಗ್ಗಿದ, ಹುಳ ಹರಿಯಿತು, ಮೊಣಕಾಲು ಗಡಿಗೆಯಷ್ಟು ಬಾತು ಕೀವು ತುಂಬಿತು. ಕೀವು ಇಳಿದ ಮೇಲೆ ಆ ಕಾಲು ಮಡಿಚಲೇ ಇಲ್ಲ. ಹರೆಯದ ಗಂಡಸು ಬಾಗಿಲಲ್ಲಿ ಕಾಲು ಚಾಚಿ ಕೂತು ಹಗ್ಗ ಹೊಸೆಯುವವನಾದ. ಮನೆಯ ನೊಗ ಗಾಳೆಮ್ಮನ ಹೆಗಲಿಗೆ ಬಿತ್ತು.

ಎಪ್ಪತ್ತೆರಡರ ದೊಡ್ಡ ಬರ ಬಂದು ಬಾವಿಯ ತಳ ಕಂಡಿತು. ಮರುವರ್ಷ ಸರಕಾರದ ಬೋರಿಂಗ್ ಗಾಡಿ ಊರಿಗೆ ಬಂತು. ದೇವೇಂದ್ರಪ್ಪ ಗಾಡಿಯನ್ನು ಮೊದಲು ತನ್ನ ಮನೆಯ ಮುಂದೆ ನಿಲ್ಲಿಸಿದ, ಬರೀ ಕಲ್ಲುಪುಡಿ ಎದ್ದಿತು. ಗುಡಿಯ ಹತ್ತಿರ ಕೊರೆದರು, ಅಲ್ಲಿಯೂ ಪುಡಿ. ಬೇಸತ್ತ ಗಾಡಿಯವರು ಕೇರಿಯ ಬೇವಿನ ಗಿಡದ ಬಳಿ ಕೊಳವೆ ಇಳಿಸಿದರೆ, ಏನು ಹೇಳಲಿ, ನೀರು ಆಳೆತ್ತರಕ್ಕೆ ಚಿಮ್ಮಿತು! ಕೇರಿಯ ಮಕ್ಕಳು ಕೆಸರಿನಲ್ಲಿ ಹೊರಳಾಡಿದವು. ದೇವೇಂದ್ರಪ್ಪ ಮುಖ ಹುಳ್ಳಗೆ ಮಾಡಿಕೊಂಡು, "ಗಂಗವ್ವಗೂ ಕಣ್ಣು ಕಾಣವಲ್ದು" ಎಂದು ಹೇಳಿ ಮನೆಗೆ ಹೋದ. ಮೇಲಿನ ಓಣಿಯವರು ಕೇರಿಯೊಳಗಿನ ನೀರು ಮುಟ್ಟುವುದಿಲ್ಲವೆಂದರು. ಅವರಿಗೆ ಅವರ ಬಾವಿಯೇ ಆಯಿತು.

ಪಂಪು ಕೂಡಿಸಿದ ದಿನ ಮೊದಲ ಹಿಡಿಕೆ ಜಗ್ಗಿದವಳು ಗಾಳೆಮ್ಮ. ಆಗ ಅವಳು ಬಸುರಿ. ನೀರು ಬಂದ ಕೂಡಲೇ ಬೊಗಸೆಯೊಡ್ಡಿ ಕುಡಿದಳು, ಮುಖಕ್ಕೆ ಎರಚಿಕೊಂಡಳು, ಆಮೇಲೆ ಕಟ್ಟೆಯ ಮೇಲೆ ಕೂತು ಗೊಳೋ ಎಂದು ಅತ್ತಳು. ಪಕ್ಕದ ಮನೆಯ ಉಡಚಮ್ಮ ಗಾಬರಿಯಾಗಿ, "ಯಾಕಲೇ, ಹೊಟ್ಟಿ ನೋಯತೈತೇನ?" ಎಂದು ಕೇಳಿದಳು.

"ಇಲ್ಲಬೇ," ಎಂದಳು ಗಾಳೆಮ್ಮ, "ಯಾರನ್ನೂ ಕೇಳಲಾರದ ಕುಡದ್ನಲ್ಲ, ಅದಕ್ಕ."

ಎರಡು ತಿಂಗಳಿಗೆ ಮಗಳು ಹುಟ್ಟಿದಳು. ಹಂಪವ್ವ ಎಂದು ಹೆಸರಿಟ್ಟರು.

ಬೋರಿಂಗ್ ನೀರು ಕುಡಿಯತೊಡಗಿದ ಮೇಲೆ ಕೇರಿಯಲ್ಲಿ ನಾರು ಕಡಿಮೆಯಾಗುತ್ತ ಬಂದು ಒಂದು ವರ್ಷ ಪೂರಾ ಇಲ್ಲವಾಯಿತು. ಮೇಲಿನ ಓಣಿಯಲ್ಲಿ ಮಾತ್ರ ಬಿತ್ತಿಗೆ ಬಂತೆಂದರೆ ಕಾಲಿಗೆ ಅರಿವೆ ಸುತ್ತಿಕೊಂಡು ಮಲಗುವವರು ಇದ್ದೇ ಇದ್ದರು. ಎಂಬತ್ತನಾಲ್ಕರಲ್ಲಿ ಸರಕಾರದವರು ಬಂದು ಮೆಟ್ಟಿಲು ಒಡೆದು, ಸುತ್ತ ಗೋಡೆ ಕಟ್ಟಿ, ಗಾಲಿ ಕೂಡಿಸಿ ಸೇದುವ ಬಾವಿ ಮಾಡಿದ ಮೇಲೆಯೇ ಅವರಿಗೂ ಆ ಪೀಡೆ ತೊಲಗಿದ್ದು. ಅಷ್ಟು ವರ್ಷ ಗಾಳೆಮ್ಮ ಎದೆಯುಬ್ಬಿಸಿಕೊಂಡು ಓಡಾಡಿದಳು. ತನ್ನ ಗಂಡನ ಕಾಲು ತಿಂದ ರೋಗವನ್ನು ಓಡಿಸಿದ ದೇವರು ಅವಳ ಪಾಲಿಗೆ ಬೇವಿನ ಗಿಡದ ಕೆಳಗೇ ನಿಂತಿತ್ತು.

ಭಕ್ತಿ ಹೆಚ್ಚಾದರೆ ಮನುಷ್ಯರು ಪೊಲೀಸರಾಗುತ್ತಾರೆ, ಗಾಳೆಮ್ಮನೂ ಆದಳು. ಕೇರಿಯ ಹೆಂಗಸರಿಗೆ ಬೋರಿಂಗ್ ನೀರು ರುಚಿಸುತ್ತಿರಲಿಲ್ಲ. ಬೇಳೆ ಬೇಯುವುದಿಲ್ಲ, ಬಾಯಿ ಅಂಟಂಟು ಎಂದು ಉಡಚಮ್ಮನಂಥವರು ಹಳ್ಳಕ್ಕೆ ಹೋಗಿ, ಮರಳಿನಲ್ಲಿ ವರತಿ ತೋಡಿ, ಜಿನುಗಿದ ನೀರನ್ನು ತೆಂಗಿನ ಚಿಪ್ಪಿನಿಂದ ತುಂಬಿ ತರುತ್ತಿದ್ದರು. ಗಾಳೆಮ್ಮನ ಕಣ್ಣಿಗೆ ಬಿದ್ದರೆ ಮುಗಿಯಿತು. ಒಂದು ಸಲ ಉಡಚಮ್ಮನ ಕೊಡವನ್ನು ಒದ್ದು ಉರುಳಿಸಿ, "ಮತ್ತ ನಾರು ತರಾಕ ಹೊಂಟೀಯೇನ ಹಾಟ್ಯಾಕಿ? ನಿನ್ನ ಮಕ್ಕಳ ಕಾಲು ಹೋದ್ರ ಆವಾಗ ಬಾಯಿ ಬಾಯಿ ಬಡಕೊಳ್ಳುವಂತಿ" ಎಂದು ಓಣಿ ಕೇಳುವಂತೆ ಕೂಗಿದ್ದಳು. ತನ್ನ ಮಗಳ ಬಾಯಿಗೆ ಹುಟ್ಟಿದಾಗಿನಿಂದ ಬೋರಿಂಗ್ ನೀರು ಬಿಟ್ಟು ಬೇರೆ ಹನಿ ಬಿದ್ದಿಲ್ಲವೆಂದು ಕಂಡವರಿಗೆಲ್ಲ ಹೇಳುತ್ತಿದ್ದಳು. ಕೂಲಿಗೆ ಹೋಗುವಾಗಲೂ ಮಗಳಿಗೆಂದು ತಂಬಿಗೆಗೆ ಅರಿವೆ ಕಟ್ಟಿ ಅದೇ ನೀರು ಒಯ್ಯುತ್ತಿದ್ದಳು. ಉಡಚಮ್ಮ ಬೈಸಿಕೊಂಡು, ಮರುದಿನ ಇನ್ನೊಂದು ದಾರಿಯಿಂದ ಹಳ್ಳಕ್ಕೆ ಹೋಗುತ್ತಿದ್ದಳು.

ಬೋರಿಂಗ್ ಹೇಗೆ ನಡೆದಿದೆ ಎಂದು ನೋಡಲು ಸರಕಾರದವರು ಬರುತ್ತಿದ್ದರು. ಮೊದಲು ಬಂದ ಇಂಜಿನಿಯರು ಜೀಪಿನಿಂದ ಇಳಿದು, ಹಿಡಿಕೆ ಜಗ್ಗಿ, ನೀರು ಬಂತು ಎಂದು ಕಂಡು, ಮತ್ತೆ ಜೀಪು ಹತ್ತಿದ. ಇನ್ನೊಂದು ವರ್ಷ ದವಾಖಾನೆಯವರು ಬಂದು ನಾರು ಇದೆಯೇ ಎಂದು ಕೇಳಿದರು. ಇಲ್ಲ ಎಂದಳು ಗಾಳೆಮ್ಮ. ಅವರಿಗೂ ಅಷ್ಟೇ ಬೇಕಾಗಿತ್ತು. ಇಬ್ಬರೂ ಖುಷಿಯಿಂದ ಹೋದರು.

ಕೇರಿಯ ಮಕ್ಕಳ ಹಲ್ಲು ಕಂದಾಗುತ್ತಿದ್ದದ್ದನ್ನು ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಹಲ್ಲಿನ ಬಣ್ಣ ನೋಡಿ ಹೆದರಲು ಬಡವರಿಗೆ ಪುರಸೊತ್ತಾದರೂ ಎಲ್ಲಿತ್ತು! ಆದರೆ ಹಂಪವ್ವನದು ಹಲ್ಲಿಗೇ ಮುಗಿಯಲಿಲ್ಲ. ಎಂಟು ವರ್ಷದ ಹೊತ್ತಿಗೆ ಓಡುವಾಗ ಮೊಣಕಾಲಿಗೆ ಮೊಣಕಾಲು ಬಡಿಯತೊಡಗಿತು. ಹತ್ತಕ್ಕೆ ಮೊಣಕಾಲುಗಳು ಒಂದಕ್ಕೊಂದು ಅಂಟಿಕೊಂಡು, ಪಾದಗಳು ದೂರ ಸರಿದು, ಕತ್ತರಿಯ ಕಾಲಿನಂತೆ ಆದವು. ಕೂತರೆ ಏಳಲು ಕೈ ಊರಬೇಕು. ಬೆನ್ನು ನೋವೆಂದು ಅಳುತ್ತಿದ್ದಳು. ಮಾರೆಪ್ಪ ತನ್ನ ಮಡಿಚದ ಕಾಲನ್ನೇ ಗುದ್ದಿಕೊಂಡು, "ನನ್ನ ನಾರು ನನ್ನ ಮಗಳಿಗಿ ಹತ್ತಿತಲ್ಲೋ ದೇವರಽ" ಎಂದು ಗೋಳಾಡಿದ. ಗಾಳೆಮ್ಮ ಏನು ಮಾಡಿದಳೆಂದರೆ, ಹೇಳಲಿಕ್ಕೂ ಸಂಕಟವಾಗುತ್ತದೆ, ಬೋರಿಂಗಿಗೆ ಹರಕೆ ಹೊತ್ತಳು. ದಿನಾ ಬೆಳಿಗ್ಗೆ ಮಗಳನ್ನು ಕಟ್ಟೆಯ ಮೇಲೆ ಕೂಡಿಸಿ, ಕಾಲಿಗೆ ಆ ನೀರು ಹೊಯ್ದು, ಒಂದು ತಂಬಿಗೆ ತುಂಬ ಕುಡಿಸಿ, "ಗಟ್ಟಿ ಆಗವ್ವಾ" ಎಂದು ನೆಟಿಗೆ ಮುರಿಯುತ್ತಿದ್ದಳು.

ಎಂಬತ್ತೈದರಲ್ಲಿ ಮಳೆ ಕೈಕೊಟ್ಟಾಗ ಗಾಳೆಮ್ಮ ಮಗಳನ್ನು ಕಟ್ಟಿಕೊಂಡು ಶ್ರೀರಾಮನಗರಕ್ಕೆ ಭತ್ತದ ನಾಟಿಗೆ ಹೋದಳು. ಅಲ್ಲಿ ಕಾಲುವೆ ನೀರು, ಕಣ್ಣು ಹಾಯಿಸಿದಷ್ಟೂ ಹಸಿರು, ತೆಲುಗು ಮಾತಾಡುವ ರೈತರ ಕ್ಯಾಂಪು. ನಾಟಿಯ ನಡುವೆ ಒಂದು ದಿನ ಹಂಪವ್ವ ಬದುವಿನ ಮೇಲೆ ಬಿದ್ದು ಏಳದಾದಾಗ, ಅವಳನ್ನು ಹೊತ್ತುಕೊಂಡು ಗಂಗಾವತಿಯ ಒಬ್ಬ ವಯಸ್ಸಾದ ಡಾಕ್ಟರ ಬಳಿಗೆ ಓಡಿದಳು. ಡಾಕ್ಟರು ಕಾಲು ನೋಡುವ ಮೊದಲು ಬಾಯಿ ತೆರೆಸಿ ಹಲ್ಲು ನೋಡಿದರು.

"ಯಾವೂರವ್ವಾ? ಎಂಥಾ ನೀರ ಕುಡೀತೀರಿ?"

"ಬೋರಿಂಗಿಂದ್ರಿ. ಅದ ಬಿಟ್ಟು ಬ್ಯಾರೆ ಕುಡಿಸಿಲ್ರಿ ನಾನು, ಹುಟ್ಟಿದಾಗಿಂದ," ಎಂದಳು ಗಾಳೆಮ್ಮ. ಆಗಲೂ ದನಿಯಲ್ಲಿ ಹೆಮ್ಮೆ ಇತ್ತು.

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಆ ನೀರಾಗ ಕಲ್ಲಿನ ಅಂಶ ಐತಿ. ನಿಮ್ಮ ಕಡಿ ಭಾಳ ಊರಾಗ ಐತಿ. ಅದು ಎಲುವಿನಾಗ ಹೋಗಿ ಕುಂದರತೈತಿ. ಸಣ್ಣ ಹುಡುಗರ ಎಲುವು ಹಿಂಗ ಸೊಟ್ಟ ಆಗತಾವ."

"ಸುಳ್ಳು!" ಎಂದು ಗಾಳೆಮ್ಮ ಎದ್ದು ನಿಂತಳು. "ನಾರು ಓಡಿಸಿದ ನೀರದು. ನನ್ನ ದೇವರದು. ಏನರ ಅಂದೀರಿ ಮತ್ತ!"

"ನಾರು ಓಡಿಸಿರಬೇಕು, ಇಲ್ಲ ಅನ್ನಂಗಿಲ್ಲ," ಎಂದರು ಡಾಕ್ಟರು. "ಆದ್ರ ಇದನ್ನ ಮಾಡಿದ್ದೂ ಅದ. ಕಾಲು ಇನ್ನ ನೆಟ್ಟಗ ಆಗಂಗಿಲ್ಲ. ನೀರ ಬದಲಿ ಮಾಡಿದ್ರ ಇಷ್ಟಕ್ಕ ನಿಂತೀತು. ಇಲ್ಲಾಂದ್ರ ಇನ್ನ ನಾಕೈದು ವರ್ಷದಾಗ ಹಾಸಿಗಿ ಹಿಡೀತಾಳ."

ಅವಳು ಡಾಕ್ಟರನ್ನು ಬೈದುಕೊಳ್ಳುತ್ತಲೇ ಕ್ಯಾಂಪಿಗೆ ಮರಳಿದಳು. ಆದರೆ ಮರುದಿನ ನಾಟಿ ಹಚ್ಚುವಾಗ ಕಣ್ಣು ಸುಮ್ಮನಿರಲಿಲ್ಲ. ಬದುವಿನ ಮೇಲೆ ಕ್ಯಾಂಪಿನ ಮಕ್ಕಳು ಓಡುತ್ತಿದ್ದವು, ಬೆಳ್ಳಗೆ ಹಲ್ಲು ಕಿಸಿದು ನಗುತ್ತಿದ್ದವು, ಒಂದರ ಮೊಣಕಾಲೂ ಇನ್ನೊಂದಕ್ಕೆ ತಾಗುತ್ತಿರಲಿಲ್ಲ. ಉಡಚಮ್ಮನ ಮಕ್ಕಳು ನೆನಪಾದರು. ಹಲ್ಲು ಕಂದಾಗಿದ್ದರೂ ಅವರ ಕಾಲು ನೆಟ್ಟಗಿದ್ದವು. ಹಳ್ಳದ ನೀರು ಕುಡಿದ ಮಕ್ಕಳು! ಕೈಯಲ್ಲಿದ್ದ ಸಸಿ ಕೆಸರಿಗೆ ಬಿತ್ತು. ತಾನೇ ಕುಡಿಸಿದೆ, ದಿನಾ ಕೂಡಿಸಿ ತಂಬಿಗೆ ತುಂಬ ಕುಡಿಸಿದೆ ಎಂಬುದು ಅವಳಿಗೆ ಆ ಗದ್ದೆಯಲ್ಲಿ ತಿಳಿಯಿತು. ಮೇಸ್ತ್ರಿ ಗದರಿಸುವವರೆಗೂ ಅವಳು ಬಗ್ಗಿದವಳು ಬಗ್ಗಿದಂತೆಯೇ ಇದ್ದಳು.

ನಾಟಿ ಮುಗಿದ ಮೇಲೆ ಕ್ಯಾಂಪಿನಲ್ಲಿ ಕೂಲಿಯವರಿಗೆ ಜಾಗವಿಲ್ಲ. ಊರಿಗೆ ಬಂದವಳು ಬೋರಿಂಗಿಗೆ ಕೈ ಮುಗಿಯದೆ ನೇರ ಮನೆಯೊಳಗೆ ಹೋದಳು. ಮರುದಿನ ಬೆಳಗಾಗುತ್ತಲೇ ಕೊಡ ಹಿಡಿದು ಹಳ್ಳಕ್ಕೆ ನಡೆದಳು. ವರತಿಯ ಬಳಿ ಉಡಚಮ್ಮ ಚಿಪ್ಪು ಹಿಡಿದು ಕೂತಿದ್ದಳು.

"ಏನ ಬೋರಿಂಗ ಗಾಳೆವ್ವಾ, ದೇವರ ಕೂಡ ಮುನಿಸೇನ?"

ಗಾಳೆಮ್ಮ ಕೊಡ ಇಳಿಸಿದಳು. ಮರಳಿನ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಉಡಚಮ್ಮ ಸರಿದು ಜಾಗ ಮಾಡಿ, "ಇರ್ಲಿ ತುಗೊ, ಈ ಚಿಪ್ಪು ಛಲೋ ಐತಿ" ಎಂದು ತನ್ನ ಚಿಪ್ಪನ್ನೇ ಕೊಟ್ಟಳು. ಹಿಂದೆ ಕೊಡ ಒದ್ದದ್ದರ ಮಾತು ಅವಳು ಎತ್ತಲಿಲ್ಲ.

ಹಳ್ಳದ ನೀರನ್ನು ದಪ್ಪ ಅರಿವೆಯಲ್ಲಿ ಸೋಸಿ ಹಂಪವ್ವನಿಗೆ ಕೊಟ್ಟರು. ಹೋಳಿ ಹುಣ್ಣಿಮೆಯವರೆಗೆ ಅದು ನಡೆಯಿತು. ಆಮೇಲೆ ವರತಿ ಎಷ್ಟು ಆಳ ತೋಡಿದರೂ ಒಣ ಮರಳೇ. ಗಾಳೆಮ್ಮ ಹನ್ನೆರಡು ವರ್ಷ ಹೋಗದಿದ್ದ ಹುಣಸೆ ಮರದ ಬುಡಕ್ಕೆ ಕೊಡ ತೆಗೆದುಕೊಂಡು ಹೋದಳು. ಸೇದುವ ಬಾವಿಯ ಗಾಲಿ ಕಿರ್ರೆನ್ನುತ್ತಿತ್ತು. ಕಳಕಮ್ಮ ಹಗ್ಗ ಜಗ್ಗುತ್ತಿದ್ದಳು.

"ಒಂದ ಕೊಡ ಹಾಕ್ರೆವ್ವಾ. ಮಗಳೊಬ್ಬಾಕಿಗೆ ಸಾಕ್ರಿ," ಎಂದಳು ಗಾಳೆಮ್ಮ.

"ಅಯ್ಯ, ನಿಮಗೇನ ಕಡಿಮಿ ಐತಿ?" ಎಂದಳು ಕಳಕಮ್ಮ. ನಿಜವಾಗಿಯೂ ಆಶ್ಚರ್ಯಪಟ್ಟೇ ಕೇಳಿದ್ದು. "ಇಲ್ಲಿ ತಳಾ ಕಾಣಾಕ ಹತ್ತೈತಿ, ರಾಡಿ ಬರತೈತಿ. ನಿಮ್ಮ ಮನಿ ಮುಂದ ಬ್ಯಾಸಿಗ್ಯಾಗೂ ದಬದಬ ಬೀಳತೈತಿ. ನಮ್ಮದ್ಯಾಕ ಬೇಕವ್ವಾ?"

ಗಾಳೆಮ್ಮ ಖಾಲಿ ಕೊಡ ಹೊತ್ತು ಬಂದಳು. ಅಂದು ಹಂಪವ್ವ ಮತ್ತೆ ಬೋರಿಂಗ್ ನೀರೇ ಕುಡಿದಳು.

ಅದೇ ಬೇಸಿಗೆಯಲ್ಲಿ ಮೂರನೆಯ ಸಲ ಸರಕಾರದವರು ಬರುತ್ತಾರೆಂದು ಸುದ್ದಿ ಬಂತು. ಈ ಸಲ ಬೆಂಗಳೂರಿನಿಂದ. ಹಿಂದಿನ ದಿನ ದೇವೇಂದ್ರಪ್ಪ ಕೇರಿಗೆ ಬಂದು, ಕಟ್ಟೆಗೆ ದೂರದಲ್ಲೇ ನಿಂತು, ಗಾಳೆಮ್ಮನನ್ನು ಕರೆಸಿದ.

"ನೋಡ ಗಾಳೆವ್ವಾ, ಬೋರಿಂಗ್ ಹೆಂಗೈತಿ ಅಂತ ಕೇಳಾಕ ಬರ್ತಾರ. ಛಲೋ ಅಂದ್ರ ಊರಿಗೆ ಇನ್ನೊಂದು ಕೊಡ್ತಾರ. ಏನರ ತಕರಾರು ಹೇಳಿದ್ರ ಇದರ ಹಿಡಿಕಿನೂ ಬಿಚ್ಚಿಗೊಂಡು ಹೋಗ್ತಾರ. ಅತ್ತ ಯಲಬುರ್ಗಾ ಕಡಿ ಒಂದೂರಾಗ ಒಯ್ದಾರ. ಆಮ್ಯಾಲ ನೀವು ಎಲ್ಲಿಗಿ ಬರೂದು? ಮತ್ತ ಹುಣಚಿ ಗಿಡದ ಬುಡಕಽ."

ಅದು ಬೆದರಿಕೆಯೋ ಉಪಕಾರವೋ ಅವನಿಗೇ ಗೊತ್ತಿರಲಿಕ್ಕಿಲ್ಲ. ಗಾಳೆಮ್ಮ ಮಾತ್ರ ಎರಡೂ ಕಡೆ ಲೆಕ್ಕ ಹಾಕಿದಳು. ಮಗಳಿಗೆ ಬೇರೆ ನೀರು ಬೇಕು, ಅದಕ್ಕೆ ನಿಜ ಹೇಳಬೇಕು. ನಿಜ ಹೇಳಿದರೆ ಕೇರಿಯ ಅಷ್ಟೂ ಹೆಂಗಸರು ಮತ್ತೆ ಕುಕ್ಕರಗಾಲಲ್ಲಿ ಕೂಡಬೇಕು. ಕೂತರೂ ಅಲ್ಲಿ ನೀರಿಲ್ಲ. ಮಾರೆಪ್ಪನಿಗೆ ಹೇಳಿದಳು. ಅವನು ಹಗ್ಗ ಹೊಸೆಯುವುದನ್ನು ನಿಲ್ಲಿಸಿ, "ನೀನ ತಿಳಕೊ" ಎಂದಷ್ಟೇ ಹೇಳಿದ.

ಬಂದವರಲ್ಲಿ ಒಬ್ಬ ಹೆಣ್ಣುಮಗಳೂ ಇದ್ದಳು. ಹತ್ತಿ ಸೀರೆ, ದಪ್ಪ ಕನ್ನಡಕ. ಎಲ್ಲರೂ ಗೌರವದಿಂದ ಬಾಯಾರು ಎಂದು ಕರೆದರು. ಅವಳು ಹಿಂದಿನವರ ಹಾಗೆ ಹಿಡಿಕೆ ಜಗ್ಗಿ ಹೊರಡಲಿಲ್ಲ. ಬೋರಿಂಗ್ ಕಟ್ಟೆಯ ಮೇಲೆ ಗಾಳೆಮ್ಮನ ಪಕ್ಕದಲ್ಲಿಯೇ ಕೂತಳು. ಗಾಳೆಮ್ಮ ತಂದುಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದಳು. ಕೇರಿಯವರ ಕೈಯ ನೀರನ್ನು ಹಾಗೆ ಕುಡಿದ ಅಧಿಕಾರಿಯನ್ನು ಗಾಳೆಮ್ಮ ನೋಡಿರಲೇ ಇಲ್ಲ.

"ನೀರು ಬರುತ್ತೋ ಇಲ್ಲವೋ ಅಂತ ನೋಡಿ ಹೋದರೆ ಸಾಲದಮ್ಮಾ," ಎಂದಳು ಆ ಬಾಯಿ. "ಇದರಿಂದ ನಿಮ್ಮ ಬಾಳು ಹೇಗಾಯಿತು ಅಂತ ಎಲ್ಲ ಕಡೆಯಿಂದಲೂ ನೋಡಬೇಕು. ನೀರು ಯಾರು ತರ್ತಾರೆ? ಮೊದಲಿಗಿಂತ ಸುಸ್ತು ಕಡಿಮೆಯಾ? ನೀರಿಗೆ ಬಂದರೆ ನಿಮ್ಮನ್ನ ಯಾರಾದರೂ ತಡೀತಾರಾ?"

ಕೊನೆಯ ಪ್ರಶ್ನೆಗೆ ಗಾಳೆಮ್ಮನ ಮಾತಿನ ಕಟ್ಟೆಯೊಡೆಯಿತು. ಹನ್ನೆರಡು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ. ಹುಣಸೆ ಮರ ತೋರಿಸಿದಳು. ಎತ್ತರದಿಂದ ಬೀಳುವ ನೀರಿಗೆ ಕೊಡ ಹಿಡಿಯುವುದು ಹೇಗೆಂದು ಬಗ್ಗಿ ಮಾಡಿ ತೋರಿಸಿದಳು. ದೂರದಲ್ಲಿ ನಿಂತಿದ್ದ ದೇವೇಂದ್ರಪ್ಪ ಕೆಮ್ಮಿದರೂ ನಿಲ್ಲಿಸಲಿಲ್ಲ. ಮಾರೆಪ್ಪನ ಕಾಲಿನ ಕತೆ ಹೇಳಿದಳು. "ಇದು ಬಂದ ಮ್ಯಾಲ ನಾ ಮನಷ್ಯಾಳಾದೆ ನೋಡ್ರಿ ಬಾಯಾರ" ಎಂದಳು. ಬಾಯಿ ಕನ್ನಡಕದ ಕೆಳಗೆ ಬೆರಳು ಹಾಕಿ ಕಣ್ಣೊರೆಸಿಕೊಂಡಳು. ಆಮೇಲೆ ಸುತ್ತ ನಿಂತ ಮಕ್ಕಳನ್ನು ನೋಡಿದಳು.

"ಇವರ ಹಲ್ಲು ಯಾಕೆ ಹೀಗಿದೆ?"

ಗಾಳೆಮ್ಮ ತಿರುಗಿ ನೋಡಿದಳು. ಹತ್ತು ಹೆಜ್ಜೆ ಆಚೆ ಅವಳ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಹಂಪವ್ವ ಇದ್ದಳು, ಹೊರಗೆ ಬರಬೇಡವೆಂದು ಗಾಳೆಮ್ಮನೇ ಹೇಳಿ ಬಂದಿದ್ದಳು. ಒಂದು ಕೂಗು ಹಾಕಿದರೆ ಸಾಕಿತ್ತು. ಮಗಳು ಗೋಡೆ ಹಿಡಿದು ಬಂದು ಈ ಬಾಯಿಯ ಮುಂದೆ ನಿಲ್ಲುತ್ತಿದ್ದಳು. ಗಾಳೆಮ್ಮ ಬಾಯಿ ತೆರೆದಳು. ಕಣ್ಣು ಪಂಪಿನ ಹಿಡಿಕೆಯ ಮೇಲೆ ಹೋಯಿತು, ಹರಕೆಗೆಂದು ಅವಳೇ ಕಟ್ಟಿದ್ದ ಹಸಿರು ಬಳೆ ಅದರಲ್ಲಿ ಇನ್ನೂ ಇತ್ತು.

"ಎಲಿ ಅಡಿಕಿ ತಿಂತಾವ್ರಿ, ಹಾಳಾದವು," ಎಂದಳು.

"ಮೈಗೆ, ಆರೋಗ್ಯಕ್ಕೆ ಬೇರೇನೂ ತೊಂದರೆ ಇಲ್ಲವಾ? ಧೈರ್ಯವಾಗಿ ಹೇಳಿ."

"ಏನಿಲ್ರಿ. ಭಾಳ ಛಲೋ ಐತಿ."

ಜೀಪು ಹೋದ ಮೇಲೆ ಮನೆಗೆ ಬಂದರೆ ಹಂಪವ್ವ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ನಾ ಎಲಿ ಅಡಿಕಿ ಯಾವಾಗ ತಿಂದೆ ಬೇ?" ಎಂದಳು. ಗಾಳೆಮ್ಮ ಮಗಳ ತಲೆಯನ್ನು ಎದೆಗೊತ್ತಿಕೊಂಡಳು. ಅಳು ಬಂತು, ಆದರೆ ಮಗಳ ಮುಂದೆ ಅಳುವ ಮುಖವೂ ತನಗಿಲ್ಲ ಎನಿಸಿತು. ಹೆಸರಿಗೆ ಉಳಿದಿದ್ದ ಬೋರಿಂಗಿನ ಪೂಜೆಯೂ ಆ ವಾರದಿಂದ ನಿಂತಿತು.

ಮುಂದಿನ ವರ್ಷ ಮಂಡಲ ಪಂಚಾಯಿತಿ ಬಂದು, ಚೇರ್ಮನ್ ದೇವೇಂದ್ರಪ್ಪ ಪ್ರಧಾನ ದೇವೇಂದ್ರಪ್ಪನಾದ. ಜಾಲಿಬಾವಿಯ ಬೋರಿಂಗ್ ಎಲ್ಲ ಕಡೆಯಿಂದಲೂ ಒಳ್ಳೆಯದು ಮಾಡಿದೆ ಎಂದು ಮೇಲಕ್ಕೆ ಹೋದ ಮಾತು ಫಲ ಕೊಟ್ಟಿತ್ತು. ಮೇಲಿನ ಓಣಿಯ ಶಾಲೆಯ ಅಂಗಳದಲ್ಲಿ ಹೊಸ ಬೋರಿಂಗ್ ಕೊರೆದರು. ಈ ಸಲ ಪುಡಿ ಏಳಲಿಲ್ಲ, ಆಳಕ್ಕೆ ಹೋಗಿ ನೀರು ತಂದರು. ಜೂನ್‌ನಲ್ಲಿ ಶಾಲೆ ತೆರೆದ ದಿನ ಸಮಾರಂಭ. ಮೊದಲ ಹಿಡಿಕೆ ಗಾಳೆಮ್ಮನೇ ಜಗ್ಗಬೇಕೆಂದು ಮೇಲಿನಿಂದಲೇ ಹೆಸರು ಬಂದಿತ್ತು. ದೇವೇಂದ್ರಪ್ಪ ಹಲ್ಲು ಕಚ್ಚಿಕೊಂಡು ಆಳು ಕಳಿಸಿ ಕರೆಸಿದ.

ಗಾಳೆಮ್ಮ ಹಂಪವ್ವನನ್ನೂ ಕರೆದುಕೊಂಡು ಹೋದಳು. ಹುಡುಗಿ ಬಡಿಗೆ ಊರಿಕೊಂಡು, ಹೆಜ್ಜೆಗೊಮ್ಮೆ ನಿಂತು ಬಂದಳು. ಅಂಗಳದಲ್ಲಿ ಮಾವಿನೆಲೆ ಕಟ್ಟಿದ್ದರು. ಹೊಸ ಪಂಪು ನೀಲಿ ಬಣ್ಣ ಬಳಿದುಕೊಂಡು ಮಿರಮಿರ ಮಿಂಚುತ್ತಿತ್ತು. ಮಕ್ಕಳು ಸಾಲಾಗಿ ನಿಂತಿದ್ದವು. ಎಲ್ಲರಿಗಿಂತ ಮುಂದೆ ಕಳಕಮ್ಮನ ಮೊಮ್ಮಗಳು, ಎರಡು ಜಡೆ, ಹೊಸ ಲಂಗ, ಬೊಗಸೆ ಒಡ್ಡಿ ಸಿದ್ಧವಾಗಿದ್ದಳು. ಗಾಳೆಮ್ಮ ಹಿಡಿಕೆ ಜಗ್ಗಿದಳು. ನೀರು ಬಂತು. ಚಪ್ಪಾಳೆ ಬಿತ್ತು. ಮಗು ಬೊಗಸೆ ಮುಂದೆ ಚಾಚಿ ಗಾಳೆಮ್ಮನ ಮುಖ ನೋಡಿ ನಕ್ಕಿತು, ಹಾಲಿನಂಥ ಹಲ್ಲು. ಗಾಳೆಮ್ಮ ಹಿಡಿಕೆ ಬಿಟ್ಟು ಎರಡೂ ಅಂಗೈಗಳಿಂದ ಪಂಪಿನ ಬಾಯಿ ಮುಚ್ಚಿದಳು.

"ಕುಡೀಬ್ಯಾಡ ಯವ್ವಾ. ಯಾರೂ ಕುಡೀಬ್ಯಾಡ್ರಿ ಈ ನೀರ."

ಗಾಳೆಮ್ಮ ಹಂಪವ್ವನನ್ನು ಮುಂದಕ್ಕೆ ಎಳೆದು, ಲಂಗವನ್ನು ಮೊಣಕಾಲಿನ ಮೇಲಕ್ಕೆ ಎತ್ತಿದಳು. "ನೋಡ್ರಿ! ಬೋರಿಂಗ್ ನೀರ ಹಿಂಗ ಮಾಡೈತಿ. ಡಾಕ್ಟರ್ ಹೇಳ್ಯಾರ. ನಾ ಮುಚ್ಚಿಟ್ಟೆ. ಹೋದ ವರ್ಷ ಬಾಯಾರ ಮುಂದ ಸುಳ್ಳ ಹೇಳಿದೆ. ಆ ಕೂಸಿನ ಕಾಲು ನೆಟ್ಟಗ ಅದಾವ, ಹಂಗಽ ಇರ್ಲಿ ಬಿಡ್ರೀ."

ಹಂಪವ್ವ ಊರಿನ ಗಂಡಸರೆಲ್ಲರ ಮುಂದೆ ಮುಖವನ್ನು ತೋಳಿನಲ್ಲಿ ಮರೆಸಿಕೊಂಡು ನಿಂತಳು.

ಮೊದಲು ಬಾಯಿ ತೆರೆದವಳು ಕಳಕಮ್ಮ. "ಹದಿಮೂರು ಹದಿನಾಲ್ಕು ವರ್ಷ ನೀವು ಪೂಜಿ ಮಾಡಿ ಕುಡದ್ರಿ. ನಮ್ಮ ಹುಡುಗರ ಪಾಲಿಗೆ ಬಂದ ಕೂಡಲೇ ವಿಷ ಆತೇನ?" ಗುಂಪಿನಲ್ಲಿ ಒಬ್ಬ, ಅದು ಅಪ್ಪನ ನಾರು ಮಗಳಿಗೆ ಹತ್ತಿದ್ದು ಎಂದ. ಇನ್ನೊಬ್ಬ, ಹೊಟ್ಟೆಕಿಚ್ಚು ನೋಡ್ರಿ ಎಂದ. ಕುಷ್ಟಗಿಯಿಂದ ಬಂದಿದ್ದ ಸಾಹೇಬರು ಅನುಮಾನದಿಂದ ನೀರನ್ನೊಮ್ಮೆ, ಹುಡುಗಿಯ ಕಾಲನ್ನೊಮ್ಮೆ ನೋಡಿದರು. ದೇವೇಂದ್ರಪ್ಪ ಅವರ ಕಿವಿಯ ಬಳಿ ಬಗ್ಗಿ, ಎಲ್ಲರಿಗೂ ಕೇಳುವಂತೆಯೇ ಹೇಳಿದ: "ಆಕೀ ಮಾತ ಏನ ಹಿಡೀತೀರಿ ಸಾಹೇಬ್ರ. ಭಾಳ ಛಲೋ ಐತಿ ಅಂದಾಕಿ ಈಕೀನಽ. ಬೆಂಗಳೂರಿನವರು ಕೇಳ್ಯಾರ, ನಾನೂ ಅಲ್ಲೇ ನಿಂತಿದ್ದೆ."

ಆ ಮಾತಂತೂ ನಿಜವೇ. ಯಾರೋ ಗಾಳೆಮ್ಮನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದರು. ಅವಳು ಮುಟ್ಟಿದ್ದ ಪಂಪಿನ ಬಾಯಿಗೆ ಎರಡು ಚರಿಗೆ ನೀರು ಹೊಯ್ದು ತೊಳೆದರು. ದೇವೇಂದ್ರಪ್ಪನೇ ಹಿಡಿಕೆ ಹಿಡಿದ. ಬಿಸಿಲು ಜೋರಾಗಿತ್ತು, ನೀರು ತಣ್ಣಗಿತ್ತು. ಕಳಕಮ್ಮನ ಮೊಮ್ಮಗಳು ಬೊಗಸೆ ತುಂಬ ಕುಡಿದು, ಇನ್ನೂ ಬೇಕೆಂದು ಮತ್ತೆ ಕೈಯೊಡ್ಡಿದಳು. ಹಿಂದಿನ ಮಕ್ಕಳು ನೂಕಾಡಿದವು.

ತಾಯಿ ಮಗಳು ಮನೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮಾರೆಪ್ಪ ಮುಖ ನೋಡಿಯೇ ತಿಳಿದುಕೊಂಡ. ಹುಡುಗಿ ಗೋಡೆಗೆ ಒರಗಿ, ಬಡಿಗೆ ಪಕ್ಕಕ್ಕಿಟ್ಟು, ಕೈಯೂರಿ ಕೆಳಗೆ ಕೂತಳು. ತುಟಿ ಒಣಗಿದ್ದವು.

"ಅವ್ವಾ, ನೀರ ಕೊಡ."

ಗಾಳೆಮ್ಮ ಮೂಲೆಯಲ್ಲಿದ್ದ ನೀರಿನ ಹರವಿಯನ್ನು ನೋಡಿದಳು. ಮಳೆ ಇನ್ನೂ ಬಂದಿರಲಿಲ್ಲ, ಹಳ್ಳದಲ್ಲಿ ಮರಳು ಸುಡುತ್ತಿತ್ತು. ಬೆಳಿಗ್ಗೆ ತಾನೇ ಬೋರಿಂಗಿನಿಂದ ಜಗ್ಗಿ ತುಂಬಿಸಿದ ನೀರೊಂದೇ ಮನೆಯಲ್ಲಿತ್ತು. ತಂಬಿಗೆ ಅದ್ದಿ ತುಂಬಿದಳು, ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಳು, ಆಮೇಲೆ ಮಗಳ ಕೈಗೆ ಕೊಟ್ಟಳು.